ಕಾಲುಗುರು ಒಳಕ್ಕೆ ಬೆಳೆದರೆ



ಮಂಡಿ ಮೊಹಲ್ಲಾದ ಒಂದು ಸಂಘದ ಸಭೆಗೆ ಸದಸ್ಯೆಯೊಬ್ಬರು ಕುಂಟುತ್ತಾ ಬಂದರು. "ಏನಿಲ್ಲ ಸಿಸ್ಟರ್, ಉಗುರುಸುತ್ತು. ಅರಿಶಿನ ಹಚ್ಚಿದ್ದೀನಿ, ಹೋಗುತ್ತೆ" ಅಂದರು. ನಾವು ನೋಡಿದಾಗ ಹೆಬ್ಬೆರಳಿನ ಉಗುರಿನ ಮೂಲೆ ಮಾಂಸದೊಳಗೆ ಇಳಿದು ಕೀವಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಗುರುತಿಸುವುದು ಹೇಗೆ?
ಉಗುರಿನ ಅಂಚು ಪಕ್ಕದ ಮಾಂಸಕ್ಕೆ ಚುಚ್ಚುತ್ತದೆ. ಮೊದಲು ಮುಟ್ಟಿದರೆ ನೋವು, ಆಮೇಲೆ ಕೆಂಪಾಗಿ ಊದಿಕೊಳ್ಳುತ್ತದೆ. ಸೋಂಕಾದರೆ ಕೀವು ಬರುತ್ತದೆ.

ಕಾರಣಗಳೇನು?
ಉಗುರನ್ನು ತೀರಾ ಗಿಡ್ಡವಾಗಿ, ಮೂಲೆ ಇಳಿಸಿ ಕತ್ತರಿಸುವುದು, ಬೆರಳು ಒತ್ತುವ ಬಿಗಿ ಚಪ್ಪಲಿ ಅಥವಾ ಶೂ, ಬೆರಳಿಗೆ ಬಿದ್ದ ಪೆಟ್ಟು.

ಮನೆಯಲ್ಲಿ ಏನು ಮಾಡಬೇಕು?
1. ಉಗುರುಬೆಚ್ಚಗಿನ ನೀರಿನಲ್ಲಿ 15-20 ನಿಮಿಷ, ದಿನಕ್ಕೆ 3-4 ಸಲ ಕಾಲಿಡಿ. ಚೆನ್ನಾಗಿ ಒರೆಸಿ ಒಣಗಿಸಿ.
2. ಬೆರಳು ಒತ್ತದ ಸಡಿಲ ಚಪ್ಪಲಿ ಹಾಕಿ.
3. ಬ್ಲೇಡು, ಪಿನ್ನು ಹಾಕಿ ಮೂಲೆ ಕೀಳಬೇಡಿ.
4. ಇನ್ನು ಮುಂದೆ ಉಗುರನ್ನು ನೇರವಾಗಿ ಕತ್ತರಿಸಿ.

ಆಸ್ಪತ್ರೆಗೆ ಯಾವಾಗ?
ಕೀವು ಬಂದರೆ, ಊತ ಹರಡಿದರೆ, ಕೆಲವು ದಿನಗಳಲ್ಲಿ ವಾಸಿಯಾಗದಿದ್ದರೆ ತಡಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರು ಮನೆಮದ್ದು ಮಾಡದೆ ಮೊದಲೇ ಹೋಗಬೇಕು. ಅವರಿಗೆ ನೋವು ಗೊತ್ತಾಗದೆಯೇ ಗಾಯ ದೊಡ್ಡದಾಗಬಹುದು, ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಸಾಮಾನ್ಯವಾಗಿ ಡಾಕ್ಟರು ಬೆರಳು ಮರಗಟ್ಟಿಸಿ ಚುಚ್ಚುವ ಅಂಚನ್ನಷ್ಟೇ ತೆಗೆಯುತ್ತಾರೆ, ಹೆದರಬೇಡಿ. ಸರ್ಕಾರಿ ಕೆ.ಆರ್. ಆಸ್ಪತ್ರೆ ನಮ್ಮ ಮೊಹಲ್ಲಾಕ್ಕೆ ಹತ್ತಿರವೇ ಇದೆ.

ಮನೆಯವರಿಗೆಲ್ಲ ಔಷಧಿ ತರುವ ನಾವು ನಮ್ಮ ಕಾಲು ನೋಡಿಕೊಳ್ಳುವುದೇ ಇಲ್ಲ. ದುಡ್ಡಿಲ್ಲ ಅಂತ ನೋವು ನುಂಗಬೇಡಿ. ಸಂಘದ ಉಳಿತಾಯ ಇಂಥ ಹೊತ್ತಿಗೂ ಇದೆ.

ಚರ್ಚೆಗೆ: ನಮ್ಮ ಸಂಘದಲ್ಲಿ ಸಕ್ಕರೆ ಕಾಯಿಲೆ ಇರುವವರು ಎಷ್ಟು ಮಂದಿ? ಅವರು ದಿನಾ ಕಾಲು ನೋಡಿಕೊಳ್ಳುತ್ತಾರೆಯೇ?