ತಳ್ಳಿ ನೋಡಿ ಕೊಂಡ ಬೈಕು

ಐವತ್ತೈದು ದಾಟಿದ ಮೇಲೆ ಮತ್ತೆ ಬೈಕು ಹತ್ತುವವರು ಸಿಸಿ ಎಷ್ಟು ಅಂತ ಕೇಳುವ ಮೊದಲು ತೂಕ ಎಷ್ಟು ಅಂತ ಕೇಳಬೇಕು. ನೌಕರಿ ಮುಗಿಸಿ ಬೆಂಗಳೂರಿನಿಂದ ನೊಣವಿನಕೆರೆ ಕಡೆಯ ನಮ್ಮ ತೋಟಕ್ಕೆ ಬಂದ ಮೇಲೆ ನನಗೆ ಖಚಿತವಾದದ್ದು ಇದು.

ಪ್ರಾಯದಲ್ಲಿ ನಾನು ಓಡಿಸಿದ್ದು ಮೈಸೂರಿನ ಐಡಿಯಲ್ ಜಾವಾದವರ ಯೆಜ್ಡಿ. ಕಿಕ್ಕರಿಗೂ ಗೇರಿಗೂ ಒಂದೇ ಲಿವರ್ ಇದ್ದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬಂದಾಗ ಮನಸ್ಸು ಅತ್ತ ಎಳೆಯಿತು. ಆದರೆ ಹೆಸರಷ್ಟೇ ಹಳೆಯದು, ಗಾಡಿ ಬೇರೆಯೇ. ಹಳೆಯದನ್ನು ಓಡಿಸುತ್ತಿದ್ದ ಮಂಡಿ, ಸೊಂಟಗಳೂ ಈಗ ಬೇರೆ.

ತಿಪಟೂರಿನ ಮೆಕ್ಯಾನಿಕ್ ಒಬ್ಬರು ಒಳ್ಳೆಯ ಪರೀಕ್ಷೆ ಹೇಳಿಕೊಟ್ಟರು. "ಓಡ್ಸೋದು ಆಮೇಲೆ ಸಾರ್. ಇಂಜಿನ್ ಆಫ್ ಮಾಡಿ, ಕೂತ್ಕೊಂಡೇ ಹಿಂದಕ್ಕೆ ತಳ್ಳಿ ನೋಡಣ." ಅಂಗಡಿ ಮುಂದಿನ ಜಾಗ ಚರಂಡಿ ಕಡೆಗೆ ಇಳಿಜಾರು. 195 ಕೆ.ಜಿ.ಯ ಕ್ಲಾಸಿಕ್ 350ನ್ನು ಪಾದ ಊರಿ ತಳ್ಳಿದೆ. ಒಂದು ಗೇಣು ಸರಿಯುವಷ್ಟರಲ್ಲಿ ತೊಡೆ ನಡುಗಿತು. ಗಾಡಿಯದೇನೂ ತಪ್ಪಿಲ್ಲ, ಹೆದ್ದಾರಿಯಲ್ಲಿ ಆ ತೂಕವೇ ನೆಮ್ಮದಿ. ಸುಮಾರು 112 ಕೆ.ಜಿ.ಯ ಸ್ಪ್ಲೆಂಡರ್ ಮಾತ್ರ ಹೇಳಿದಂತೆ ಹಿಂದೆ ಬಂತು.

ನನ್ನ ಓಡಾಟ ಹೆಚ್ಚಾಗಿ ತೋಟದ ಹಾದಿ, ಹಳ್ಳಿ ರಸ್ತೆಗಳಲ್ಲಿ. ಅಡ್ಡ ಬಿದ್ದ ತೆಂಗಿನ ಗರಿ, ಹನಿ ನೀರಾವರಿ ಪೈಪು, ತಿರುವಿನಲ್ಲಿ ಮರಳು. ಸುಗ್ಗಿಯಲ್ಲಿ ಡಾಂಬರಿನ ಮೇಲೇ ರಾಗಿ, ಹುರುಳಿ ಹರಡುತ್ತಾರೆ. ಒಣಗಿದ ಹುರುಳಿ ಬಳ್ಳಿಯ ಮೇಲೆ ಚಕ್ರ ಜಾರುತ್ತದೆ, ಅಲ್ಲಿ ಮುಂದಿನ ಬ್ರೇಕು ಒತ್ತಿ ಹಿಡಿದರೆ ಬಿದ್ದಂತೆಯೇ. ಗೇರು ಇಳಿಸಿ, ಎರಡೂ ಕಾಲು ನೆಲಕ್ಕೆ ತಾಗುವ ಹಾಗಿಟ್ಟುಕೊಂಡು ನಿಧಾನಕ್ಕೆ ದಾಟಬೇಕು. ಸೀಟು ತಗ್ಗಿರಬೇಕು ಅನ್ನುವುದು ಇದಕ್ಕೇ. 125 ಸಿಸಿ ಮೀರಿದ ಗಾಡಿಗಳಿಗೆ, ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ 2019ರಿಂದ ಕಡ್ಡಾಯ. ಆ ನಿಯಮದಲ್ಲಿ ಚಿಕ್ಕವಕ್ಕೆ ಎರಡೂ ಚಕ್ರ ಕೂಡಿ ಹಿಡಿಯುವ ಸಿಬಿಎಸ್ ಇದ್ದರೆ ಸಾಕಿತ್ತು. ಚಿಕ್ಕ ಗಾಡಿ ಆರಿಸಿ ನಾನು ಬಿಟ್ಟುಕೊಟ್ಟದ್ದು ಎಬಿಎಸ್ಸನ್ನು. ಆ ಕೊರತೆ ನನಗೆ ಈಗಲೂ ಅನ್ನಿಸುತ್ತದೆ.

ಹಿಂದೆ ಕೂರುವವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ನನ್ನ ಹೆಂಡತಿ ಸೀರೆಯಲ್ಲಿ ಸ್ಪ್ಲೆಂಡರಿನ ಮೇಲೆ ಒಂದು ಪಕ್ಕಕ್ಕೆ ಕೂತು, ಕಾಲಿಡುವ ಪಟ್ಟಿ, ಸೀರೆ ಗಾರ್ಡು, ಹಿಂದಿನ ಹಿಡಿ ಎಲ್ಲ ಮುಟ್ಟಿ ನೋಡಿ, "ಇದಾದ್ರೆ ಹತ್ತಿ ಇಳಿಯೋಕಾಗುತ್ತೆ ಕಣ್ರೀ" ಅಂದಳು. ತೀರ್ಮಾನವಾದದ್ದು ಆ ಮಾತಿನ ಮೇಲೆ.

ಗಾಡಿಗೆ ಮುಂಗಡ ಕೊಡುವ ಮೊದಲು ಲೈಸೆನ್ಸ್ ತೆಗೆದು ನೋಡಿ. ಅವಧಿ ಮುಗಿದು ವರ್ಷ ದಾಟಿದ್ದರೆ ಆರ್‌ಟಿಓದಲ್ಲಿ ಮತ್ತೆ ಓಡಿಸಿ ತೋರಿಸಬೇಕು; ನಮ್ಮ ವಯಸ್ಸಿಗೆ ವೈದ್ಯರ ಪ್ರಮಾಣಪತ್ರವೂ ಬೇಕು. ಆ ನೆಪದಲ್ಲಿ ಕಣ್ಣನ್ನೂ ಸರಿಯಾಗಿ ತೋರಿಸಿಕೊಳ್ಳಿ. ಕಿಬ್ಬನಹಳ್ಳಿ ಕ್ರಾಸಿನ ಹತ್ತಿರ ಕತ್ತಲಾದ ಮೇಲೆ ಎದುರು ಲಾರಿಯ ಬೆಳಕು ಹೊಡೆದರೆ ರಸ್ತೆಯ ಅಂಚು ಕಾಣುವುದಿಲ್ಲ. ಹುಳಿಯಾರು, ಚಿಕ್ಕನಾಯಕನಹಳ್ಳಿ ಕಡೆ ಕೆಲಸವಿದ್ದರೆ ನಾನು ಬೆಳಿಗ್ಗೆಯೇ ಹೊರಟು ಹೊತ್ತು ಮುಳುಗುವ ಮೊದಲು ತೋಟ ಸೇರುತ್ತೇನೆ. ತಡವಾಗುವಂತಿದ್ದರೆ ಬಸ್ಸು ಹಿಡಿಯುತ್ತೇನೆ.