ಎಣ್ಣೆ ಕೊಡಿ, ಮಾತ್ರೆ ಬಿಡಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಚನ್ನಗಿರಿ ತಾಲ್ಲೂಕಿನ ನಲ್ಲೂರು. ತೋಟದ ಮನೆಯಲ್ಲಿ ನಾಲ್ಕು ವರ್ಷದ ಲ್ಯಾಬ್ರಡಾರ್ ಇದ್ದಾನೆ, ಹೆಸರು ರಾಜ. ವರ್ಷದಿಂದ ಫಿಟ್ಸ್ ಬರುತ್ತಿದೆ. ಪರೀಕ್ಷೆ ಮಾಡಿ, ಮೂರ್ಛೆರೋಗ ಎಂದು ಫಿನೋಬಾರ್ಬಿಟೋನ್ ಮಾತ್ರೆ ಕೊಟ್ಟಿದ್ದಾರೆ. ಆದರೂ ತಿಂಗಳಿಗೊಮ್ಮೆ ಬರುತ್ತದೆ. ಬಂದಾಗ ಅಮ್ಮ ಪಾದಕ್ಕೆ ಕಬ್ಬಿಣದ ಬೀಗದಕೈ ಒತ್ತುತ್ತಾರೆ. ಮಾತ್ರೆಯಿಂದ ಹಸಿವು, ಬಾಯಾರಿಕೆ ವಿಪರೀತ. ಅದನ್ನು ಬಿಟ್ಟು ಕೊಬ್ಬರಿ ಎಣ್ಣೆ, ಮೀನೆಣ್ಣೆ ಗುಳಿಗೆ, ಒಂದೆಲಗ ಕೊಟ್ಟರೆ ಮಿದುಳು ಗಟ್ಟಿಯಾಗುತ್ತದಂತೆ. ಕೊಡಬಹುದೇ?

ಉತ್ತರ: ಇವತ್ತು ರಾತ್ರಿಯ ಮಾತ್ರೆಯನ್ನೂ ತಪ್ಪಿಸಬೇಡಿ. ಫಿನೋಬಾರ್ಬಿಟೋನ್ ಥಟ್ಟನೆ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯ. ಹಸಿವು, ಬಾಯಾರಿಕೆ ಈ ಮಾತ್ರೆಯ ಗುಣ. ನೀರು ಕಡಿಮೆ ಮಾಡಬೇಡಿ, ಅನ್ನವನ್ನು ಮಾತ್ರ ಅಳತೆಯಲ್ಲೇ ಹಾಕಿ.

ಎಣ್ಣೆಯ ಮಾತು ಪೂರ್ತಿ ಸುಳ್ಳಲ್ಲ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 21 ನಾಯಿಗಳಿಗೆ ಎಂಸಿಟಿ ಎಂಬ ಕೊಬ್ಬು ಸೇರಿಸಿದ ಆಹಾರ ಕೊಟ್ಟು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ನಾಯಿಗಳಿಗೆ ಫಿಟ್ಸ್ ನಿಂತೇಹೋಯಿತು, ಏಳಕ್ಕೆ ಅರ್ಧದಷ್ಟು ಅಥವಾ ಇನ್ನೂ ಹೆಚ್ಚು ಕಡಿಮೆಯಾಯಿತು, ಆರಕ್ಕೆ ಏನೂ ಉಪಯೋಗವಾಗಲಿಲ್ಲ. ಈ ಕೊಬ್ಬು ಯಕೃತ್ತಿನಲ್ಲಿ ಕೀಟೋನ್ ಆಗುತ್ತದೆ. ಸಕ್ಕರೆಯನ್ನೇ ನೆಚ್ಚಿಕೊಂಡ ಮಿದುಳಿಗೆ ಅದು ಇನ್ನೊಂದು ಇಂಧನ. ಆದರೆ ಗಮನಿಸಿ, ಆ ನಾಯಿಗಳೆಲ್ಲ ಮಾತ್ರೆಯನ್ನೂ ತಿನ್ನುತ್ತಿದ್ದವು.

ನಿಮ್ಮ ಮನೆಯ ಕೊಬ್ಬರಿ ಎಣ್ಣೆ ಅದೇ ಅಲ್ಲ. ಅದರ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ; ಕೆಲಸಕ್ಕೆ ಬರುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳು ತೀರಾ ಸ್ವಲ್ಪ. ಸೌಟುಗಟ್ಟಲೆ ಸುರಿದರೆ ಭೇದಿಯಾಗುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ಮೊದಲೇ ದಪ್ಪವಾಗುವ ಜಾತಿಯ ರಾಜ ಇನ್ನೂ ದಪ್ಪವಾಗುತ್ತಾನೆ. ಶುದ್ಧ ಎಂಸಿಟಿ ಎಣ್ಣೆ ಕೊಡಬೇಕೆನಿಸಿದರೆ ನಿಮ್ಮ ವೈದ್ಯರನ್ನು ಕೇಳಿ, ತೂಕ ನೋಡಿಸಿ, ಚಮಚದ ಲೆಕ್ಕದಲ್ಲಿ ನಿಧಾನವಾಗಿ ಏರಿಸಿ.

ಮೀನೆಣ್ಣೆ ಚರ್ಮ, ಕೀಲುಗಳಿಗೆ ಒಳ್ಳೆಯದೇ. ಫಿಟ್ಸ್ ತಡೆಯುತ್ತದೆಂದು ಮಾತ್ರ ನಂಬಬೇಡಿ. ಒಂದೆಲಗಕ್ಕೂ ಇದೇ ಮಾತು. ಮಾತ್ರೆ ಯಕೃತ್ತಿನ ಮೇಲೆ ಹೊರೆ ಹಾಕುವಾಗ ಹೆಸರಿಲ್ಲದ ಚೂರ್ಣ ಬೇಡ. ಮಾತ್ರೆಯ ಜೊತೆ ಪೊಟ್ಯಾಸಿಯಂ ಬ್ರೋಮೈಡ್ ಬರೆದುಕೊಟ್ಟರೆ ಉಪ್ಪಿನ ಪ್ರಮಾಣ ದಿನಕ್ಕೊಂದು ಆಗಬಾರದು. ಒಂದು ದಿನ ಉಪ್ಪು ಮೀನು, ಮಾರನೇ ದಿನ ಸಪ್ಪೆ ಅನ್ನ ಹಾಕಿದರೆ ರಕ್ತದಲ್ಲಿ ಔಷಧಿಯ ಮಟ್ಟ ಏರುಪೇರಾಗುತ್ತದೆ.

ಬೀಗದಕೈಯಿಂದ ಫಿಟ್ಸ್ ನಿಲ್ಲುವುದಿಲ್ಲ. ಅಮ್ಮನಿಗೆ ಹೇಳಿ, ಆ ಹೊತ್ತಿನಲ್ಲಿ ಅವನ ಬಾಯಿಗೆ ಕೈಹಾಕುವುದು ಬೇಡ. ತಲೆಯ ಕೆಳಗೆ ಗೋಣಿಚೀಲ ಇಟ್ಟು ಗಡಿಯಾರ ನೋಡಲಿ. ತಿಂಗಳಿಗೊಮ್ಮೆ ಬರುತ್ತಿದೆ ಎಂದರೆ ಮಾತ್ರೆಯ ಪ್ರಮಾಣ ಸಾಲದಿರಬಹುದು. ರಕ್ತದಲ್ಲಿ ಔಷಧಿಯ ಮಟ್ಟ, ಯಕೃತ್ತಿನ ಸ್ಥಿತಿ ಎರಡನ್ನೂ ಪರೀಕ್ಷೆ ಮಾಡಿಸಿ. ಫಿಟ್ಸ್ ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಐದು ನಿಮಿಷ ಮೀರಿದರೆ, ಅಥವಾ 24 ಗಂಟೆಯಲ್ಲಿ ಎರಡು ಸಲ ಬಂದರೆ, ಬೆಳಗಾಗಲಿ ಎಂದು ಕಾಯದೆ ಹತ್ತಿರದ ಪಶು ಆಸ್ಪತ್ರೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಕರೆದೊಯ್ಯಿರಿ.