ಸೊನ್ನೆ ಬಿದ್ದ ದಿನವನ್ನೂ ಬರೆದಿಡು



ಬೆಂಗಳೂರಿನ ಬಿ.ಟಿ.ಎಂ. ಲೇಔಟ್‌ನ ಬಾಡಿಗೆ ಕೋಣೆಯಲ್ಲಿದ್ದು, ಆಫೀಸು ಮುಗಿಸಿ ಬಂದು ಬರೆಯಬೇಕೆನ್ನುವ ನಿನ್ನ ಓರಗೆಯವರೆಲ್ಲ ಹೇಳುವುದು ಒಂದೇ ಮಾತು: ಹೊತ್ತು ಸಿಗುವುದಿಲ್ಲ. ಇರಬಹುದು, ಸಿಲ್ಕ್ ಬೋರ್ಡ್‌ನ ವಾಹನ ದಟ್ಟಣೆ ದಾಟಿ ಬರುವವರ ಹತ್ತಿರ ಆ ವಿಷಯದಲ್ಲಿ ವಾದಕ್ಕೆ ಇಳಿಯಬಾರದು. ಆದರೆ ಹೊತ್ತು ಎಲ್ಲಿ ಹೋಯಿತೆಂಬ ಲೆಕ್ಕ ನಿನ್ನಲ್ಲಿಲ್ಲ, ಇರುವುದು ಅಂದಾಜು. ಅಂದಾಜು ಯಾವಾಗಲೂ ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ದಿನಕ್ಕೊಂದು ಸಾಲು ಗುರುತು ಹಾಕಿಕೊ: ಎಷ್ಟು ಗಂಟೆಗೆ ಕೂತೆ, ಏನು ಬರೆದೆ, ಏಕೆ ಎದ್ದೆ. ಇದಕ್ಕೆ ಬಣ್ಣಬಣ್ಣದ ಆ್ಯಪ್ ಬೇಡ. ಆ್ಯಪ್ ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ವರ್ಷಾನುಗಟ್ಟಲೆ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿಕೊಂಡೇ ಬರೆದ. ಬೆಳಗಿನ ಜಾವ ಗಡಿಯಾರ ಎದುರಿಗಿಟ್ಟುಕೊಂಡು 15 ನಿಮಿಷಕ್ಕೆ 250 ಪದ, ಅಂದಂದಿನ ಪುಟಗಳ ಲೆಕ್ಕ ಡೈರಿಗೆ. ಸೋಮಾರಿತನ ಮಾಡಿದ ದಿನವೂ ಆ ಡೈರಿಯಲ್ಲಿ ಎದ್ದು ಕಾಣುತ್ತಿತ್ತು. ಅವನು ತೀರಿಕೊಂಡ ಮೇಲೆ, 1883ರಲ್ಲಿ, ಆತ್ಮಕಥೆ ಹೊರಬಂದು ಈ ಗುಟ್ಟು ತಿಳಿದಾಗ ಹಲವರು ಮೂಗು ಮುರಿದರು. ಇದೇನು ಸಾಹಿತ್ಯವೋ ಗುಮಾಸ್ತಗಿರಿಯೋ ಎಂದು ನೀನೂ ಕೇಳಬಹುದು. ಡೈರಿ ಅವನ 47 ಕಾದಂಬರಿಗಳಲ್ಲಿ ಒಂದು ಒಳ್ಳೆಯ ವಾಕ್ಯವನ್ನೂ ಬರೆದುಕೊಟ್ಟಿಲ್ಲ, ನಿಜ. ಅವನನ್ನು ಮೇಜಿನ ಮುಂದೆ ಕೂರಿಸಿತು, ಅಷ್ಟೇ. ಕೂತವನಿಗೆ ಮಾತ್ರ ಒಳ್ಳೆಯ ವಾಕ್ಯ ಹೊಳೆಯುವ ಸಾಧ್ಯತೆ ಇರುವುದರಿಂದ ಆ 'ಅಷ್ಟೇ' ಸಣ್ಣದಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಎಲ್ಲ ಕೆಲಸವೂ ಪುಟಗಳಲ್ಲಿ ಕಾಣುವುದಿಲ್ಲ. ಇದಕ್ಕೆ ಉತ್ತರ ನಿನ್ನ ಪಕ್ಕದ ಜಯನಗರದಲ್ಲೇ ಇದೆ. ಅಲ್ಲಿ ವಾಸವಾಗಿದ್ದು 2021ರಲ್ಲಿ, 107ರ ವಯಸ್ಸಿನಲ್ಲಿ, ನಿಧನರಾದ ಜಿ. ವೆಂಕಟಸುಬ್ಬಯ್ಯನವರು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದವರು. 1940ರ ದಶಕದಲ್ಲಿ ಶುರುವಾದ ಕೆಲಸದ ಮೊದಲ ಸಂಪುಟ ಅಚ್ಚಾದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಅಚ್ಚಾದ ಪುಟಗಳನ್ನೇ ಎಣಿಸಿದ್ದರೆ ಮೊದಲ ಎರಡು ದಶಕಗಳಿಗೂ ಬರೀ ಸೊನ್ನೆ. ಆದರೆ ಶಾಸನ, ಕಾವ್ಯಗಳಿಂದ ಆರಿಸಿ ಚೀಟಿಗಿಳಿಸಿದ ಪ್ರಯೋಗಗಳಿಲ್ಲದೆ ಆ ಸಂಪುಟಗಳು ಎಲ್ಲಿಂದ ಬರಬೇಕಿತ್ತು? ಹಾಗಾಗಿ ಏನನ್ನು ಎಣಿಸಬೇಕೆಂಬುದರಲ್ಲಿ ಜಿಪುಣತನ ಮಾಡಬೇಡ. ಓದಿದ್ದು, ಹುಡುಕಿದ್ದು, ಬರೆದು ಹೊಡೆದು ಹಾಕಿದ್ದು ಎಲ್ಲವೂ ಲೆಕ್ಕಕ್ಕೆ ಸೇರಲಿ. ಫೋನ್ ನೋಡುತ್ತ ಕೂತದ್ದೂ ಸೇರಲಿ.

ತಿಂಗಳು ಮುಗಿದ ಮೇಲೆ ಒಟ್ಟಿಗೆ ಓದು. ರಾತ್ರಿ ಹತ್ತರ ಮುಂದೆ ಸಾಲುಸಾಲಾಗಿ ಸೊನ್ನೆ ಕಂಡರೆ ನಿನ್ನನ್ನು ನೀನೇ ಬೈದುಕೊಳ್ಳಬೇಡ. ಆ ವೇಳೆಯನ್ನು ಬಿಟ್ಟು ಬೆಳಗಿನ ಅರ್ಧ ಗಂಟೆಯನ್ನು ಹಿಡಿದು ನೋಡು. ಹಳದಿ ಮಾರ್ಗದ ಮೆಟ್ರೋದಲ್ಲಿ ಸೀಟು ಸಿಕ್ಕ ದಿನ ಆ ಪ್ರಯಾಣದ ಹೊತ್ತೂ ಆಗಬಹುದು. ಮುಂದಿನ ತಿಂಗಳ ಪುಟದಲ್ಲಿ ಅದರ ಫಲ ಗೊತ್ತಾಗುತ್ತದೆ.